ತನ್ನ ಕಥೆ ಹೇಳಿ ನಗಿಸುವವರು

ಸ್ವಂತ ಬದುಕಿನ ಪ್ರಸಂಗಗಳನ್ನು ನಗೆ ಬೆರೆಸಿ ಜನರೆದುರು ಹೇಳುವುದು, ಹೇಳಿ ಹೇಳಿ ಹದಕ್ಕೆ ಬಂದದ್ದನ್ನು ಪುಸ್ತಕಕ್ಕೆ ಇಳಿಸುವುದು ಕನ್ನಡದಲ್ಲಿ ಬಹುಮಟ್ಟಿಗೆ ಒಂದೇ ಕಸುಬು. ಬೇರೆಡೆ ಲೇಖಕರು ಪುಸ್ತಕದ ಹೆಸರು ಹೊತ್ತು ವೇದಿಕೆ ಹತ್ತುವುದುಂಟು. ಅಮೆರಿಕದ ಮಾರ್ಕ್ ಟ್ವೇನ್ ಸಾಲ ತೀರಿಸಲೆಂದು 1895ರಲ್ಲಿ ಭಾಷಣದ ಲೋಕಸಂಚಾರ ಹೊರಟು, 1896ರಲ್ಲಿ ಭಾರತಕ್ಕೂ ಬಂದದ್ದು ಹಾಗೆ. ಕನ್ನಡದಲ್ಲಿ ಹೆಚ್ಚಾಗಿ ಬಾಯಿ ಮೊದಲು, ಪುಟ ಆಮೇಲೆ. ಹರಿದಾಸರು, ಕಂಪನಿ ನಾಟಕದ ಹಾಸ್ಯನಟರು, ಪ್ರಶ್ನೋತ್ತರದ ಅಂಕಣಕಾರರು, ಚಳವಳಿಯ ಭಾಷಣಕಾರರು, ಈಚಿನ ಹಾಸ್ಯಸಂಜೆಯವರು ಎಲ್ಲರೂ ಈ ಕಸುಬಿಗೆ ಒಂದೊಂದು ಕೈ ಹಚ್ಚಿದವರೇ. ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಇದರ ಹಳೆಯ ಬೇರುಗಳೂ ಕಾಣುತ್ತವೆ, ಒಂದೆರಡು ಹೊಸ ಚಿಗುರುಗಳೂ ಸಿಗುತ್ತವೆ.

ಇದು ಮಳೆ ಕಡಿಮೆಯ ಸೀಮೆ. ರಾಗಿ, ಕಡಲೆಕಾಯಿ ಮನೆ ಸೇರಿದ ಮೇಲೆ ಜಾತ್ರೆ ಪರಿಷೆಗಳ ಸಾಲು ಶುರು. ಮಧುಗಿರಿಗೆ ದಂಡಿನ ಮಾರಮ್ಮ, ಪಾವಗಡಕ್ಕೆ ಶನಿಮಹಾತ್ಮ, ಕೊರಟಗೆರೆ ಕಡೆಗೆ ಗೊರವನಹಳ್ಳಿಯ ಲಕ್ಷ್ಮಿ, ತುಮಕೂರಿನಿಂದ ಶಿರಾಕ್ಕೆ ಬರುವ ದಾರಿಯಲ್ಲಿ ಸೀಬಿಯ ನರಸಿಂಹ. ಜನ ಸೇರಿದ ಕಡೆ ಕಥೆ ಹೇಳುವವನಿಗೂ ಒಂದಿಷ್ಟು ಜಾಗ. ಶಿರಾ ತಾಲ್ಲೂಕಿನ ಕಳುವರಹಳ್ಳಿ ಕಾಡುಗೊಲ್ಲರ ದೈವ ಜುಂಜಪ್ಪನ ನೆಲೆ. ಗಣೆ ಎಂಬ ಉದ್ದನೆಯ ಕೊಳಲನ್ನು ಊದಿ, ನಡುನಡುವೆ ಹಾಡಿ, ಅವನ ಹುಟ್ಟು, ದನಕರು, ದಾಯಾದಿ ಜಗಳಗಳನ್ನು ಬಿಚ್ಚುವ ಹಾಡುಗಾರರ ಕಾವ್ಯ ಜುಂಜಪ್ಪನದು. ಪಾವಗಡವಂತೂ ಹೆಚ್ಚುಕಡಿಮೆ ಸುತ್ತಲೂ ಆಂಧ್ರವನ್ನೇ ಹೊದ್ದಿರುವ ತಾಲ್ಲೂಕು. ಅಲ್ಲಿನ ಕೇಳುಗ ಕನ್ನಡಕ್ಕೂ ನಗುತ್ತಾನೆ, ತೆಲುಗಿಗೂ ನಗುತ್ತಾನೆ.

ಈ ಭಾಗದ ಮೂಡಲಪಾಯ ಬಯಲಾಟದಲ್ಲಿ ಸಾರಥಿ ಎಂಬ ಪಾತ್ರವಿದೆ. ಕಿರೀಟ, ಭುಜಕೀರ್ತಿ ತೊಟ್ಟು ಕುಣಿಯುತ್ತ ರಂಗಕ್ಕೆ ಬಂದ ರಾಜನನ್ನು ಇವನು ತಡೆದು ನಿಲ್ಲಿಸುತ್ತಾನೆ: ತಾವು ಯಾರು, ಯಾವ ಊರು, ಬಂದ ಕಾರಣವೇನು? ದೇವೇಂದ್ರನೇ ಆದರೂ ತನ್ನ ಹೆಸರು, ಕುಲ, ಊರು ಒಪ್ಪಿಸದೆ ಮುಂದೆ ಹೆಜ್ಜೆಯಿಡುವಂತಿಲ್ಲ. ರಾಜ ಬಿಗುಮಾನದಿಂದ ಉತ್ತರಿಸಿದಷ್ಟೂ ಸಾರಥಿ ಆಡುಮಾತಿನಲ್ಲಿ ಅದನ್ನು ಕೆಳಗಿಳಿಸುತ್ತ ಹೋಗುತ್ತಾನೆ. ಜನರ ಮುಂದೆ ನಿಂತು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವವನು ದೊಡ್ಡಸ್ತಿಕೆ ತೋರಿದರೆ ನಗೆಪಾಟಲಾಗುತ್ತಾನೆ ಎಂಬುದನ್ನು ಇಲ್ಲಿನ ಪ್ರೇಕ್ಷಕರು ಆತ್ಮಕಥೆ ಎಂಬ ಸಾಹಿತ್ಯ ಪ್ರಕಾರ ಹುಟ್ಟುವ ಮೊದಲೇ ಕಂಡುಕೊಂಡಿದ್ದರು. ಆ ನಗೆಪಾಟಲನ್ನು ಮಾತಾಡುವವನೇ ಮೊದಲು ಮಾಡಿಕೊಂಡುಬಿಟ್ಟರೆ ಸಾರಥಿಗೆ ಕೆಲಸವಿಲ್ಲ. ಮುಂದೆ ಬಂದ ನಗೆಗಾರರೆಲ್ಲ ಬಳಸಿದ್ದು ಈ ಉಪಾಯವನ್ನೇ.

ಹರಿಕಥೆಯಲ್ಲಿ ಈ ಸಲುಗೆಗೆ ಉಪಕಥೆ ಎಂಬ ಅಂಗೀಕೃತ ಸ್ಥಾನವಿದೆ. ದಾಸರು ಪೀಠಿಕೆ ಮುಗಿಸಿ, ದ್ರೌಪದಿಯನ್ನೋ ಮಾರ್ಕಂಡೇಯನನ್ನೋ ಕಷ್ಟದ ತುದಿಗೆ ತಂದು ನಿಲ್ಲಿಸಿ, ಅಲ್ಲೇ ಚಿಟಿಕೆ ತಾಳ ನಿಲ್ಲಿಸುತ್ತಾರೆ. ಹಾರ್ಮೋನಿಯಂ ಒಂದು ಸ್ವರ ಹಿಡಿದು ಕಾಯುತ್ತದೆ. ದಾಸರು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು, ಮುಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ಯಜಮಾನರನ್ನು ನೋಡಿ, ಹಿಂದೊಂದು ಊರಿಗೆ ಕಥೆ ಮಾಡಲು ಹೋಗಿ ತಾವು ಪಟ್ಟ ಪಾಡನ್ನು ತೆಗೆಯುತ್ತಾರೆ: ತಪ್ಪಿದ ಬಸ್ಸು, ಸಂಭಾವನೆ ಕೊಡಬೇಕಾದ ಹೊತ್ತಿಗೆ ಕಾಣೆಯಾದ ಕಾರ್ಯದರ್ಶಿ, ಮಂಗಳಾರತಿ ತಟ್ಟೆಗೆ ಬಿದ್ದ ಸವಕಲು ನಾಣ್ಯ. ಯಜಮಾನರಿಗೆ ಎಚ್ಚರವಾಗುತ್ತದೆ, ಪೆಂಡಾಲು ನಗುತ್ತದೆ, ಮರುಗಳಿಗೆಯಲ್ಲಿ ತಾಳ ಬಿದ್ದು ದ್ರೌಪದಿ ಮತ್ತೆ ಅಳುತ್ತಾಳೆ. ಪುರಾಣದ ಕಥೆ ಎಲ್ಲರಿಗೂ ಗೊತ್ತಿರುವುದೇ. ಒಬ್ಬ ದಾಸರಿಂದ ಇನ್ನೊಬ್ಬರನ್ನು ಬೇರೆ ಮಾಡುವುದು ಈ ಸ್ವಂತ ಸರಕು.

ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಈ ಕಲೆಯನ್ನು ಮನೆಮನೆಗೆ ಮುಟ್ಟಿಸಿದವರು ಗುರುರಾಜುಲು ನಾಯ್ಡು. ಅರುಣ್ ಕುಮಾರ್ ಎಂಬ ಹೆಸರಿನಲ್ಲಿ ಸಿನಿಮಾ ನಟರೂ ಆಗಿದ್ದ ಅವರು ಅಭಿನಯ, ಅಣಕು ದನಿ, ಹೆಣ್ಣುದನಿಗಳನ್ನೆಲ್ಲ ಹರಿಕಥೆಗೆ ತಂದರು. ಅವರ ‘ನಲ್ಲತಂಗ’ ಕ್ಯಾಸೆಟ್ಟಿಗೆ ಅತ್ತವರು ಅದರ ನಡುವಿನ ಹಾಸ್ಯಕ್ಕೆ ಅಷ್ಟೇ ಜೋರಾಗಿ ನಕ್ಕವರು. ಅತ್ತಿಗೆ ನಾದಿನಿಯ ಮಾತನ್ನು ಅವರು ಆಡಿ ತೋರಿಸುವಾಗ ಕೇಳುಗರಿಗೆ ಪುರಾಣ ಮರೆತು ತಮ್ಮದೇ ಅಡುಗೆಮನೆ ನೆನಪಾಗುತ್ತಿತ್ತು. ಮಗಳು ಶೀಲಾ ನಾಯ್ಡು ಇದೇ ಹಾದಿ ಹಿಡಿದು ಹರಿಕಥೆಗೆ ಬಂದರು.

ಸೀಮೆಗೆ ಹತ್ತಿರದ ದೊಡ್ಡ ಹೆಸರೆಂದರೆ ಗುಬ್ಬಿ ವೀರಣ್ಣ. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಹುಟ್ಟಿತು, ವೀರಣ್ಣ 1891ರಲ್ಲಿ. ಹುಡುಗನಾಗಿ ಕಂಪನಿ ಸೇರಿ, ಮುಂದೆ ಅದರ ಮಾಲೀಕರೇ ಆದರು. ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದ ಸಾಹಸದಿಂದ ಅವರನ್ನು ನೆನೆಯುವುದು ರೂಢಿ. ಆದರೆ ಜನ ಟಿಕೆಟ್ ಕೊಂಡು ನೋಡಲು ಬರುತ್ತಿದ್ದುದು ಹಾಸ್ಯನಟ ವೀರಣ್ಣನನ್ನು, ಅದರಲ್ಲೂ ‘ಸದಾರಮೆ’ಯ ಕಳ್ಳನನ್ನು. 1935ರ ‘ಸದಾರಮೆ’ ಸಿನಿಮಾದಲ್ಲೂ ಅವರಿದ್ದರು. ಕಂಪನಿ ನಾಟಕದಲ್ಲಿ ಹಾಸ್ಯಗಾರನಿಗೆ ಮಾತ್ರ ಒಂದು ಸವಲತ್ತಿತ್ತು. ನಾಯಕ ನಾಯಕಿಯರು ಬರೆದ ಮಾತು, ಕಟ್ಟಿದ ಹಾಡು ಬಿಟ್ಟು ಕದಲುವಂತಿಲ್ಲ. ಹಾಸ್ಯಗಾರ ಊರಿಗೆ ತಕ್ಕಂತೆ, ಆ ದಿನದ ಸುದ್ದಿಗೆ ತಕ್ಕಂತೆ, ಗಲ್ಲಾಪೆಟ್ಟಿಗೆಯ ಸ್ಥಿತಿಗೆ ತಕ್ಕಂತೆ ಮಾತು ಬೆಳೆಸಬಹುದು. ಕ್ಯಾಂಪ್ ಹಾಕಿದ ಊರಿನ ಹೋಟೆಲು, ಕೆರೆ, ಸಾಹುಕಾರ ಎಲ್ಲವೂ ರಾತ್ರಿಯ ನಾಟಕದೊಳಗೆ ಬರುತ್ತಿದ್ದುದು ಈ ಬಾಗಿಲಿನಿಂದ. ತಿಪಟೂರಿನ ನರಸಿಂಹರಾಜು ಅವರಂಥ ನಟರು ಪಳಗಿದ್ದೂ ಇಂಥ ಕಂಪನಿಗಳಲ್ಲೇ.

ವೀರಣ್ಣನವರ ಆತ್ಮಕಥೆ ‘ಕಲೆಯೇ ಕಾಯಕ’. ಅವರಿಗೆ ಪದ್ಮಶ್ರೀ ಬಂದದ್ದು 1972ರಲ್ಲಿ, ತೀರಿಕೊಂಡದ್ದೂ ಅದೇ ವರ್ಷ. ಗುಬ್ಬಿ ಕಂಪನಿಯ ಸುತ್ತ ಹುಟ್ಟಿದ ನೆನಪಿನ ಪುಸ್ತಕಗಳಿಗೆಲ್ಲ ಒಂದು ಸಾಮಾನ್ಯ ಗುಣವಿದೆ: ಅವು ಕೂತು ಬರೆದಂತಿಲ್ಲ, ಯಾರೋ ಎದುರಿಗೆ ಕೂತು ಕೇಳಿದ್ದಕ್ಕೆ ಹೇಳಿದಂತಿವೆ. ಕೆಲವಂತೂ ನಿಜಕ್ಕೂ ಹಾಗೆಯೇ ಆದವು. ಹುಡುಗನಾಗಿದ್ದಾಗ ಮನೆಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ್ದ ರಂಗನಿರ್ದೇಶಕ ಬಿ.ವಿ. ಕಾರಂತರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯನ್ನು ಅವರ ಬಾಯಿಂದ ಕೇಳಿ ಬರೆದವರು ಲೇಖಕಿ ವೈದೇಹಿ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರ ‘ಕಣ್ಣಾಮುಚ್ಚೇ ಕಾಡೇಗೂಡೇ’ಯನ್ನು ಬರಹಕ್ಕಿಳಿಸಿದವರು ಪ್ರೀತಿ ನಾಗರಾಜ. ಜಯಶ್ರೀ ಸ್ವತಃ ‘ಸದಾರಮೆ’ಯನ್ನು ಹೊಸದಾಗಿ ರಂಗಕ್ಕೆ ತಂದು, ಅಜ್ಜನ ಕಳ್ಳನ ಪಾತ್ರವನ್ನು ತಾವೇ ಹಾಕಿದರು. ಹೀಗೆ ಕೇಳಿ ಬರೆದ ಪುಸ್ತಕಗಳಲ್ಲಿ ಸಾಲುಗಳು ತುಂಡು ತುಂಡು, ಕಾಲ ಹಿಂದೆ ಮುಂದೆ, ಒಂದು ನೆನಪಿನ ಬಾಲ ಹಿಡಿದು ಇನ್ನೊಂದು. ವಿಮರ್ಶಕರಿಗೆ ಅದು ಅಸ್ತವ್ಯಸ್ತವಾಗಿ ಕಂಡರೂ ಓದುಗರಿಗೆ ದನಿ ಕೇಳಿಸುತ್ತದೆ.

ಎಲ್ಲರಿಗಿಂತ ದೊಡ್ಡ ಮಾತುಗಾರರು ಮಾತ್ರ ಇಂಥದೊಂದು ಪುಸ್ತಕವನ್ನು ಬಿಟ್ಟುಹೋಗಲಿಲ್ಲ. ಟಿ.ಪಿ. ಕೈಲಾಸಂ (1884–1946) ನಾಟಕಗಳನ್ನು ತಲೆಯಲ್ಲೇ ಕಟ್ಟಿ, ಗೆಳೆಯರ ಮುಂದೆ ಎಲ್ಲ ಪಾತ್ರಗಳನ್ನೂ ತಾವೇ ಆಡಿ ತೋರಿಸಿ, ಬರೆದುಕೊಳ್ಳುವವರಿಗೆ ಹೇಳಿ ಬರೆಸಿದವರು. ‘ನೂಕ್’ ಎಂದು ಹೆಸರಿಟ್ಟ ಅವರ ಕೋಣೆಯಲ್ಲಿ ಕೂತು ಕೇಳಿದವರು ತಂತಮ್ಮ ನೆನಪುಗಳಲ್ಲಿ ಅವರನ್ನು ಹಿಡಿದಿಟ್ಟರು. ಕನ್ನಡದಲ್ಲಿ ಕೈಲಾಸಂ ಕುರಿತ ಹಾಸ್ಯ ಪ್ರಸಂಗಗಳು ಎಷ್ಟು ಹಬ್ಬಿವೆಯೆಂದರೆ, ಅವರು ಆಡದ ಮಾತುಗಳೂ ಅವರ ಖಾತೆಗೇ ಜಮೆಯಾಗುತ್ತಿವೆ.

ಅಚ್ಚಿನ ಕಡೆಯಿಂದ ಬಂದ ಧಾರೆ ಬೇರೆ. ವೈದ್ಯರಾಗಿದ್ದ ಎಂ. ಶಿವರಾಂ, ಅಂದರೆ ‘ರಾಶಿ’, 1942ರಲ್ಲಿ ಆರಂಭಿಸಿದ ‘ಕೊರವಂಜಿ’ 1967ರವರೆಗೆ ನಡೆಯಿತು. ನಾ. ಕಸ್ತೂರಿ, ಟಿ. ಸುನಂದಮ್ಮ ಅಲ್ಲಿ ಬರೆದರು, ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದರು. ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು 1930ರ ‘ಹಳ್ಳಿಯ ಚಿತ್ರಗಳು’ ಪುಸ್ತಕದಿಂದ ಊರಿನ ನೆನಪನ್ನೇ ನಗೆಬರಹವಾಗಿಸಿದರು. ಇಳಿವಯಸ್ಸಿನಲ್ಲಿ ಬರೆದ ‘ಅಮೆರಿಕಾದಲ್ಲಿ ಗೊರೂರು’ಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಗೊರೂರರ ನಗೆ ಜಗಲಿಯ ಮೇಲೆ ಕೂತು ಆಡುವ ಮಾತಿನ ನಗೆ. ಅದಕ್ಕೆ ಮೈಕು ಬೇಕಿರಲಿಲ್ಲ.

ಮೈಕಿನ ಯುಗಕ್ಕೆ ಸಲ್ಲುವ ಮೊದಲ ದೊಡ್ಡ ನಗೆಗಾರ ಬೀಚಿ. ಬೀಚಿ ಎಂದು ಬರೆದ ರಾಯಸಂ ಭೀಮಸೇನರಾಯರು ಹುಟ್ಟಿದ್ದು 1913ರ ಏಪ್ರಿಲ್ 23ರಂದು ಹರಪನಹಳ್ಳಿಯಲ್ಲಿ. ಅದು ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಪಾವಗಡದ ಹಾಗೆಯೇ ತೆಲುಗಿನ ನೆರಳು ಬಿದ್ದ ಕನ್ನಡ. ಚಿಕ್ಕಂದಿನಲ್ಲೇ ತಂದೆ ತಾಯಿಯರನ್ನು ಕಳೆದುಕೊಂಡು, ಓದು ಅಷ್ಟಕ್ಕಷ್ಟೇ ಆಗಿ, ಪೊಲೀಸ್ ಇಲಾಖೆಯ ಕಚೇರಿ ಕೆಲಸಕ್ಕೆ ಸೇರಿದರು. ಕನ್ನಡದಲ್ಲಿ ಓದುವಂಥದ್ದೇನಿದೆ ಎಂದು ಮೂಗು ಮುರಿಯುತ್ತಿದ್ದ ಮನುಷ್ಯ ಕಾದಂಬರಿಕಾರ ಅನಕೃ ಅವರ ‘ಸಂಧ್ಯಾರಾಗ’ ಓದಿ ಪೂರ್ತಿ ಬದಲಾದರು. ಅನಕೃ ಅವರನ್ನೇ ಗುರುವೆಂದುಕೊಂಡರು. ಬೀಚಿ ಎಂಬ ಹೆಸರನ್ನು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡದ್ದು ಆ ಹಳೆಯ ಇಂಗ್ಲಿಷ್ ಮೋಹಕ್ಕೆ ತಾವೇ ಮಾಡಿಕೊಂಡ ಚೇಷ್ಟೆ ಇರಬಹುದು.

ಅವರ ಆತ್ಮಕಥೆಯ ಹೆಸರು ‘ನನ್ನ ಭಯಾಗ್ರಫಿ’. ಅನಾಥ ಬಾಲ್ಯ, ಹಂಗಿನ ಅನ್ನ, ಕಚೇರಿಯ ದರ್ಬಾರು, ಇವೆಲ್ಲ ಬೇರೊಬ್ಬರ ಕೈಯಲ್ಲಿ ಕಣ್ಣೀರಿನ ಕಾದಂಬರಿಯಾಗುತ್ತಿದ್ದವು. ಬೀಚಿ ದುಃಖದ ಸಾಲೊಂದನ್ನು ಪೂರ್ತಿ ಆಗಗೊಡುವುದಿಲ್ಲ. ಸಾಲಿನ ಕೊನೆಯಲ್ಲಿ ಕೊಂಕೊಂದನ್ನು ಇಟ್ಟಿರುತ್ತಾರೆ. ಓದುಗ ಮರುಗಲು ಸಿದ್ಧನಾಗುವಷ್ಟರಲ್ಲಿ ನಕ್ಕುಬಿಟ್ಟಿರುತ್ತಾನೆ. ಇದು ಬರಹದ ಚಾತುರ್ಯಕ್ಕಿಂತ ಮಾತುಗಾರನ ಚಾತುರ್ಯ, ಉಸಿರು ತೆಗೆದುಕೊಳ್ಳುವ ಜಾಗ ಬಲ್ಲವನದ್ದು. ಪೊಲೀಸ್ ಕಚೇರಿಯಲ್ಲಿ ಕೂತವನಿಗೆ ಕಳ್ಳನ ಸುಳ್ಳೂ ಕೇಳುತ್ತದೆ, ಅಧಿಕಾರಿಯ ಸುಳ್ಳೂ ಕೇಳುತ್ತದೆ. ಎರಡರ ನಡುವೆ ತಿಂಮ ಹುಟ್ಟಿದ.

ತಿಂಮ ದಡ್ಡನೋ ಜಾಣನೋ ಎಂದು ಕಡೆಗೂ ತೀರ್ಮಾನವಾಗದ ಪಾತ್ರ. ಹುಬ್ಬಳ್ಳಿಯ ‘ವಿಶಾಲ ಕರ್ನಾಟಕ’ದ ಅಂಕಣದಲ್ಲಿ ಬೇವಿನಕಟ್ಟೆಯ ಮೇಲೆ ಕೂತ ಈ ತಿಂಮ ಮುಂದೆ ‘ತಿಂಮನ ತಲೆ’, ‘ತಿಂಮ ರಸಾಯನ’, ‘ಅಂದನಾ ತಿಂಮ’, ‘ತಿಂಮಿಕ್ಷನರಿ’ ಎಂದು ಬೆಳೆಯುತ್ತ ಹೋದ. ‘ಸುಧಾ’ ವಾರಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಬೀಚಿ ಕೊಟ್ಟ ಉತ್ತರಗಳು ‘ಉತ್ತರ ಭೂಪ’ನಾಗಿ ಪುಸ್ತಕಕ್ಕೆ ಬಂದವು. ಪ್ರಶ್ನೋತ್ತರದ ಅಂಕಣವೆಂದರೆ ಅಚ್ಚಿನ ವೇಷದಲ್ಲಿರುವ ಸಭೆಯೇ: ಎದುರಿಗೆ ಪ್ರಶ್ನೆ ಕೇಳುವವನಿದ್ದಾನೆ, ಸುತ್ತ ಕೇಳುಗರಿದ್ದಾರೆ, ಉತ್ತರ ಥಟ್ಟನೆ ಬರಬೇಕು. ‘ದಾಸಕೂಟ’, ‘ಸರಸ್ವತಿ ಸಂಹಾರ’, ‘ಖಾದಿ ಸೀರೆ’ಯಂಥ ಕಾದಂಬರಿಗಳನ್ನೂ ಅವರು ಬರೆದರು. ಅವುಗಳಲ್ಲಿ ಹರಿತವಾದ ಸಿಟ್ಟಿದೆ. ಆದರೆ ಜನ ಬಾಯಿಪಾಠ ಮಾಡಿಕೊಂಡದ್ದು ತಿಂಮನನ್ನು. 1980ರ ಡಿಸೆಂಬರ್ 7ರಂದು ಬೀಚಿ ತೀರಿಕೊಂಡರು. ಬಾಯಿ ಮೊದಲು, ಪುಟ ಆಮೇಲೆ ಎಂಬ ಕ್ರಮ ಅವರ ವಿಷಯದಲ್ಲಿ ತಿರುವುಮುರುವಾಯಿತು: ಅವರ ಪುಟಗಳು ಅವರ ನಂತರ ಬೇರೆಯವರ ಬಾಯಿಗೆ ಬಂದವು.

ಅದಕ್ಕೆ ಮುಖ್ಯ ಕಾರಣ ಗಂಗಾವತಿಯ ಪ್ರಾಣೇಶ್. ಬೀಚಿಯ ಪುಸ್ತಕಗಳನ್ನು ಅರೆದು ಕುಡಿದು, ಅವನ್ನೇ ವೇದಿಕೆಯಲ್ಲಿ ಹೇಳುತ್ತ ‘ಅಭಿನವ ಬೀಚಿ’ ಎನಿಸಿಕೊಂಡರು. ಕಲ್ಯಾಣ ಕರ್ನಾಟಕದ ಆಡುಮಾತು, ಊರಿನ ಕಟ್ಟೆ, ಶಾಲೆಯ ಮೇಷ್ಟ್ರು, ಫೇಲಾದ ಪರೀಕ್ಷೆ, ಮದುವೆ ಮನೆಯ ಊಟ, ಇವು ಅವರ ಸ್ವಂತದ ಸೇರ್ಪಡೆ. ನರಸಿಂಹ ಜೋಶಿ, ಬಸವರಾಜ ಮಹಾಮನಿ ಅವರೊಂದಿಗೆ ಅವರು ಊರೂರಿಗೆ ಹೊತ್ತೊಯ್ದ ಹಾಸ್ಯಸಂಜೆ, ಟಿಕೆಟ್ಟಿಲ್ಲದ ನಾಟಕ, ಸಂಗೀತವಿಲ್ಲದ ಹರಿಕಥೆ. ದಕ್ಷಿಣದ ಜಿಲ್ಲೆಗಳವರಿಗೆ ಆ ಭಾಷೆ ಮೊದಮೊದಲು ಅರ್ಧ ಅರ್ಥವಾಗದೆಯೂ ನಗು ತರಿಸಿತು, ಕ್ಯಾಸೆಟ್ಟು, ಸಿ.ಡಿ., ಆಮೇಲೆ ಮೊಬೈಲು ಆ ಅಂತರವನ್ನೂ ಅಳಿಸಿದವು.

ಇಲ್ಲಿ ಮಾಸ್ಟರ್ ಹಿರಣ್ಣಯ್ಯ (1934–2019) ಅವರನ್ನು ಬಿಡುವಂತಿಲ್ಲ. ತಂದೆ ಕೆ. ಹಿರಣ್ಣಯ್ಯ ಕಟ್ಟಿದ ಕಂಪನಿಯನ್ನು ಮುಂದುವರಿಸಿ ‘ಲಂಚಾವತಾರ’ವನ್ನು ಅವರು ಸಾವಿರಾರು ಬಾರಿ ಆಡಿದರು. ನಾಟಕದ ಕಥೆ ಒಂದು ನೆಪ. ಅವರು ರಂಗದ ಮುಂಭಾಗಕ್ಕೆ ಬಂದು ನಿಂತರೆಂದರೆ ಅವತ್ತಿನ ಪತ್ರಿಕೆ, ಅವತ್ತಿನ ಮಂತ್ರಿ, ಮುಂದಿನ ಸಾಲಿನಲ್ಲಿ ಕೂತ ಅಧಿಕಾರಿ ಎಲ್ಲರೂ ಮಾತಿಗೆ ಸಿಕ್ಕುತ್ತಿದ್ದರು. ಅದೇ ನಾಟಕವನ್ನು ಜನ ಮತ್ತೆ ಮತ್ತೆ ನೋಡುತ್ತಿದ್ದುದು ಮಾತು ನಿನ್ನೆಯದಾಗಿರುತ್ತಿರಲಿಲ್ಲ ಎಂಬುದಕ್ಕೇ. ಮರಾಠಿಯಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಪು.ಲ. ದೇಶಪಾಂಡೆ. ಒಂದು ಕಾಲಕ್ಕೆ ಬೆಳಗಾವಿಯ ಕಾಲೇಜಿನಲ್ಲಿ ಪಾಠ ಹೇಳಿದ್ದ ಅವರು ಮುಂಬಯಿಯ ವಠಾರದ ಬದುಕನ್ನು ‘ಬಟಾಟ್ಯಾಚಿ ಚಾಳ್’ ಆಗಿ ಬರೆದು, ಅದನ್ನೇ ಒಬ್ಬರೇ ನಿಂತು ಆಡಿ ತೋರಿಸಿದರು. ವ್ಯತ್ಯಾಸವಿಷ್ಟೆ: ಪು.ಲ. ಅವರ ಪಠ್ಯ ಅಚ್ಚಿನಲ್ಲಿ ಗಟ್ಟಿಯಾಗಿ ನಿಂತಿದೆ; ಹಿರಣ್ಣಯ್ಯನವರ ಮಾತಿನ ಬಹುಪಾಲು ಆ ರಾತ್ರಿಗೇ ಮುಗಿಯಿತು.

ಇಲ್ಲಿಯವರೆಗಿನ ನಗೆಗಾರರಲ್ಲಿ ಹೆಚ್ಚಿನವರು ಊರೊಳಗಿನವರು. ಕೇರಿಯಿಂದ ಬಂದ ನಗೆಗೆ ಬೇರೆಯ ಹರಿತವಿದೆ. ಆ ಕಾರಣಕ್ಕೆ, ಹಾಗೂ ಪುಟ ಮತ್ತು ವೇದಿಕೆ ಎರಡರಲ್ಲೂ ಸಮಸಮವಾಗಿ ಗೆದ್ದ ಕಾರಣಕ್ಕೆ, ಕವಿ ಸಿದ್ದಲಿಂಗಯ್ಯ ಈ ಪರಂಪರೆಯ ಬಹು ಮುಖ್ಯ ಹೆಸರು.

ಸಿದ್ದಲಿಂಗಯ್ಯ 1954ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀರಾಮಪುರದ ಕೊಳೆಗೇರಿಯಲ್ಲಿ ಬೆಳೆದರು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಬಂದಾಗ ಅದರ ಕಾವು ನಾಡಿಗೆಲ್ಲ ತಟ್ಟಿತು. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಆ ಹಾಡುಗಳನ್ನು ಹಾಡಿದವರಿಗೆ, ಕವಿ ಎದುರಿಗೆ ಬಂದು ಮಾತಿಗೆ ನಿಂತಾಗ ಕಕ್ಕಾಬಿಕ್ಕಿಯಾಗುತ್ತಿತ್ತು. ಬೆಂಕಿಯಂಥ ಮಾತು ನಿರೀಕ್ಷಿಸಿ ಬಂದವರ ಮುಂದೆ, ಮುಖದಲ್ಲಿ ಒಂದು ಗೆರೆಯೂ ಕದಲದೆ, ಮೆಲುದನಿಯಲ್ಲಿ ಈ ಮನುಷ್ಯ ಒಂದರ ಹಿಂದೊಂದು ಪ್ರಸಂಗ ಹೇಳುತ್ತ ಹೋಗುತ್ತಿದ್ದರು. ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಅವರು ಮಾತ್ರ ನಗುತ್ತಿರಲಿಲ್ಲ. ತಾನು ನಕ್ಕರೆ ಕೇಳುಗರ ಪಾಲಿನ ನಗು ಕಡಿಮೆಯಾಗುತ್ತದೆಂಬ ಲೆಕ್ಕ ಬಲ್ಲ ನುರಿತ ಮಾತುಗಾರ ಅವರು.

ಅವರ ಆತ್ಮಕಥೆ ‘ಊರುಕೇರಿ’ 1990ರ ದಶಕದಲ್ಲಿ ಶುರುವಾಗಿ ಮುಂದೆ ಮೂರು ಭಾಗಗಳಿಗೆ ಬೆಳೆಯಿತು. ಮೊದಲ ಭಾಗದ ಆರಂಭದಲ್ಲಿ ಬರುವ ಒಂದು ನೋಟವನ್ನು ಕನ್ನಡದ ಓದುಗರು ಮರೆತಿಲ್ಲ. ಊರಿನ ಉಳ್ಳವರೊಬ್ಬರ ಹೊಲದಲ್ಲಿ ಉಳುಮೆ ನಡೆದಿದೆ. ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತಿದ್ದಾರೆ, ಹಿಂದಿನಿಂದ ಒಬ್ಬ ನೇಗಿಲು ಹಿಡಿದಿದ್ದಾನೆ. ನೋಡುವ ಹುಡುಗನ ಕಣ್ಣಿಗೆ ಅದೊಂದು ವಿಚಿತ್ರ. ನೊಗ ಹೊತ್ತವರಲ್ಲಿ ಒಬ್ಬರು ಅವನ ಅಪ್ಪ. ಲೇಖಕರು ಈ ದೃಶ್ಯಕ್ಕೆ ವ್ಯಾಖ್ಯಾನ ಹಚ್ಚುವುದಿಲ್ಲ, ಯಾರನ್ನೂ ಬೈಯುವುದಿಲ್ಲ. ಹುಡುಗ ಕಂಡಷ್ಟನ್ನು ಹೇಳಿ ಮುಂದಿನ ಪ್ರಸಂಗಕ್ಕೆ ನಡೆದುಬಿಡುತ್ತಾರೆ. ಅರವಿಂದ ಮಾಲಗತ್ತಿಯವರ ಆತ್ಮಕಥೆ ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲಿ ಅವಮಾನ ನೇರವಾಗಿ ಚುಚ್ಚುತ್ತದೆ. ‘ಊರುಕೇರಿ’ಯಲ್ಲಿ ಓದುಗ ಮೊದಲು ನಗುತ್ತಾನೆ, ತಾನು ನಕ್ಕದ್ದು ಯಾವುದಕ್ಕೆಂದು ಎರಡು ಪುಟ ದಾಟಿದ ಮೇಲೆ ಅವನಿಗೆ ಹೊಳೆಯುತ್ತದೆ. ಹಸಿವು, ಹಾಸ್ಟೆಲಿನ ಅನ್ನ, ಚರ್ಚಾಸ್ಪರ್ಧೆಗಳು, ಓದಲೂ ಮಲಗಲೂ ಪ್ರಶಸ್ತವೆಂದು ಆರಿಸಿಕೊಂಡ ಸ್ಮಶಾನ, ಎಲ್ಲವೂ ಒಂದೇ ಸಮತೂಕದ ದನಿಯಲ್ಲಿ ಬರುತ್ತವೆ. ಊರಲ್ಲಿ ಜಾಗ ಸಿಗದ ಹುಡುಗನಿಗೆ ಸಮಾಧಿಯ ಕಟ್ಟೆ ನೆಮ್ಮದಿಯ ವಾಚನಾಲಯ. ಈ ಪ್ರಸಂಗವನ್ನು ಅವರು ವೇದಿಕೆಯಲ್ಲಿ ಹೇಳುವಾಗ ದೆವ್ವಗಳ ಬಗ್ಗೆ ಮಾತಾಡುತ್ತಿದ್ದರು. ಕೇಳಿ ನಕ್ಕು ಮನೆಗೆ ಹೋದವರ ಮನಸ್ಸಿನಲ್ಲಿ ಉಳಿಯುತ್ತಿದ್ದುದು ಬದುಕಿದ್ದವರ ಸುದ್ದಿ.

ಗ್ರಾಮದೇವತೆಗಳ ಮೇಲೆ ಅವರು ಮಾಡಿದ ಸಂಶೋಧನೆಯೂ ಈ ಕಥನಕ್ಕೆ ಸರಕು ಒದಗಿಸಿತು. ದೇವರು ಮೈಮೇಲೆ ಬಂದಾಗ ಕೂಲಿಯಾಳು ಒಡೆಯನನ್ನು ಏಕವಚನದಲ್ಲಿ ಗದರಬಹುದು, ಬಾಕಿ ಕೇಳಬಹುದು, ಅಧಿಕಾರಿಯನ್ನೂ ಕೈಮುಗಿಸಬಹುದು. ದೇವರು ಇಳಿದ ಮೇಲೆ ಮತ್ತೆ ಅದೇ ಕೂಲಿಯಾಳು. ವಿದ್ವತ್ಪ್ರಬಂಧದಲ್ಲಿ ಅಡಿಟಿಪ್ಪಣಿಗೆ ಹೋಗುವ ಇಂಥ ಸಂಗತಿ ಸಿದ್ದಲಿಂಗಯ್ಯನವರ ಬಾಯಲ್ಲಿ ಪೂರಾ ಒಂದು ಪ್ರಹಸನ. 1988ರಿಂದ ಎರಡು ಅವಧಿಗೆ ವಿಧಾನ ಪರಿಷತ್ತಿನ ಸದಸ್ಯರಾಗಿದ್ದಾಗಲೂ ಈ ಕಥನ ಶೈಲಿ ಸದನಕ್ಕೆ ಹೋಯಿತು. ಗೆಳೆಯ ಡಿ.ಆರ್. ನಾಗರಾಜ್ ಅವರಂಥ ವಿಮರ್ಶಕರು ಈ ನಗೆಯನ್ನು ಗಂಭೀರವಾಗಿ ಓದಿದರು. ಸಿಟ್ಟಿನ ಕವಿ ನಗೆಗಾರನಾದದ್ದನ್ನು ಚಳವಳಿಯ ಕೆಲವರು ಮೆತ್ತಗಾದ ಲಕ್ಷಣವೆಂದು ಕಂಡರು. ಆ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ‘ಊರುಕೇರಿ’ಯ ಮೊದಲ ಭಾಗವನ್ನು ಮತ್ತೆ ಓದಿದರೆ ಅಲ್ಲಿ ಮೆತ್ತಗಿನದೇನೂ ಕಾಣುವುದಿಲ್ಲ. ನಂತರದ ಭಾಗಗಳಲ್ಲಿ ಸಭೆ, ಸಮಿತಿ, ಪ್ರವಾಸಗಳು ಹೆಚ್ಚಿ ನಗೆ ತೆಳುವಾಗಿದೆಯೆಂಬುದೂ ನಿಜ. ಕೋವಿಡ್ ಕಾಲದಲ್ಲಿ, 2021ರ ಜೂನ್ 11ರಂದು ಅವರು ತೀರಿಕೊಂಡರು.

ಬಂಡಾಯ ಸಾಹಿತ್ಯ ಚಳವಳಿಯ ದಿನಗಳಲ್ಲಿ ಅವರ ಒಡನಾಡಿಗಳಾಗಿದ್ದ ಬರಗೂರು ರಾಮಚಂದ್ರಪ್ಪ ಶಿರಾ ತಾಲ್ಲೂಕಿನ ಬರಗೂರಿನವರು. 2015ರಲ್ಲಿ ಶ್ರವಣಬೆಳಗೊಳದ 81ನೇ ಸಾಹಿತ್ಯ ಸಮ್ಮೇಳನಕ್ಕೆ ಸಿದ್ದಲಿಂಗಯ್ಯ ಅಧ್ಯಕ್ಷರು, ಮರುವರ್ಷ ರಾಯಚೂರಿನ 82ನೆಯದಕ್ಕೆ ಬರಗೂರು. ಬರಗೂರರ ಅನುಭವ ಕಥನ ‘ಕಾಗೆ ಕಾರುಣ್ಯದ ಕಣ್ಣು’ ನಗೆಯ ದಾರಿಯದಲ್ಲ. ಆದರೆ ಅದೇ ಶಿರಾ ಸೀಮೆಯ ಬಡತನ, ಬಯಲು, ಬಯಲಾಟಗಳನ್ನು ಬಲ್ಲವರಿಗೆ ಒಂದೇ ಬಗೆಯ ಬಾಲ್ಯದಿಂದ ಎಷ್ಟು ಬೇರೆ ದನಿಗಳು ಹೊರಡಬಹುದು ಎಂಬುದಕ್ಕೆ ಇವರಿಬ್ಬರನ್ನು ಜೊತೆಗಿಟ್ಟು ಓದುವುದು ಲಾಭ. ಪಕ್ಕದ ಕೊರಟಗೆರೆ ತಾಲ್ಲೂಕಿನ ತುಂಬಾಡಿಯಿಂದ ಬಂದದ್ದು ತುಂಬಾಡಿ ರಾಮಯ್ಯನವರ ಆತ್ಮಕಥೆ ‘ಮಣೆಗಾರ’. ಅಲ್ಲಿ ಕೇರಿಯ ಬದುಕು ಕೊರಟಗೆರೆ ಸೀಮೆಯ ಆಡುಮಾತಿನಲ್ಲೇ ಬಿಚ್ಚಿಕೊಳ್ಳುತ್ತದೆ. ಮೌನವಾಗಿ ಓದಿದಾಗ ತೊಡರುವ ಕೆಲವು ಸಾಲುಗಳು ಗಟ್ಟಿಯಾಗಿ ಓದಿದರೆ ಸಲೀಸಾಗುತ್ತವೆ, ಯಾಕೆಂದರೆ ಬರಹ ಕಿವಿಗೆಂದೇ ಇದೆ.

ಇನ್ನು ಹೊಟ್ಟೆಪಾಡಿನ ಮಾತು. ಕಂಪನಿ ನಟರು, ಹರಿದಾಸರನ್ನು ಬಿಟ್ಟರೆ ನಗೆಯನ್ನೇ ನಂಬಿ ಸಂಸಾರ ಹೂಡಿದವರು ಕಡಿಮೆ. ರಾಶಿ ವೈದ್ಯರು, ಬೀಚಿ ಪೊಲೀಸ್ ಇಲಾಖೆಯ ನೌಕರರು, ಹನಿಗವನದ ಡುಂಡಿರಾಜ್ ಬ್ಯಾಂಕಿನಲ್ಲಿದ್ದವರು, ಮೈಸೂರಿನ ಎಂ. ಕೃಷ್ಣೇಗೌಡರು ಕನ್ನಡ ಮೇಷ್ಟ್ರಾಗಿದ್ದವರು, ಹಿರೇಮಗಳೂರು ಕಣ್ಣನ್ ಕೋದಂಡರಾಮನಿಗೆ ಕನ್ನಡದಲ್ಲೇ ಅರ್ಚನೆ ಮಾಡುವ ಅರ್ಚಕರು. ಸಿದ್ದಲಿಂಗಯ್ಯ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ನೌಕರಿ ಬರೀ ಸಂಬಳವಲ್ಲ, ಸಾಮಗ್ರಿಯೂ ಹೌದು: ತರಗತಿ, ಕೌಂಟರು, ಗರ್ಭಗುಡಿ, ಠಾಣೆ, ಇವು ಮನುಷ್ಯರು ತಮ್ಮ ಅವಸರ ಮತ್ತು ಬೂಟಾಟಿಕೆಗಳನ್ನು ಮರೆಮಾಚಲಾಗದ ಜಾಗಗಳು. ಹಾಸ್ಯಸಂಜೆಯ ಬೇಡಿಕೆ ಬೆಳೆದು, ಗಣೇಶೋತ್ಸವ, ರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವ, ಅಮೆರಿಕದ ಕನ್ನಡ ಕೂಟಗಳ ಸಮ್ಮೇಳನದವರೆಗೂ ಕರೆ ಬರತೊಡಗಿದ ಮೇಲೆ ಇದೇ ಪೂರ್ಣಾವಧಿಯ ಉದ್ಯೋಗವಾದವರೂ ಇದ್ದಾರೆ. ಉದಯ ಟಿವಿಯ ‘ಹರಟೆ’ ಈ ಮಾತುಗಾರರಿಗೆ ಊರಾಚೆಯ ಗುರುತು ತಂದುಕೊಟ್ಟಿತು. ಎರಡು ತಂಡ, ಒಂದು ತುಂಟ ವಿಷಯ, ನಡುವೆ ಕಣ್ಣನ್. ವಾದಕ್ಕೆ ಬೇಕಾದ ಪುರಾವೆಯಾಗಿ ಬರುತ್ತಿದ್ದುದು ಮಾತ್ರ ಸ್ವಂತ ಮನೆಯ ಕಥೆ.

ದೂರದರ್ಶನ ಕಸುಬಿನ ಲಯವನ್ನೂ ಬದಲಿಸಿತು. ಹರಿಕಥೆಯಲ್ಲಿ ಒಂದು ಉಪಕಥೆ ನಿಧಾನವಾಗಿ ಬೆಳೆದು ಕಾಲು ಗಂಟೆ ನಡೆಯಬಹುದಿತ್ತು. ಕ್ಯಾಮೆರಾ ಮುಂದೆ ಅದು ಒಂದು ನಿಮಿಷದ ಜೋಕಾಯಿತು. ಮೊಬೈಲಿನಲ್ಲಿ ಇನ್ನೂ ತುಂಡಾಯಿತು. ತುಂಡಾದಾಗ ಮೊದಲು ಕಳಚಿಹೋದದ್ದು ಹೇಳುವವನ ಬದುಕು. ಯಾರ ಬಾಯಲ್ಲಾದರೂ ಸಲ್ಲುವ ಜೋಕು ಯಾರದ್ದೂ ಅಲ್ಲ, ಹಾಗಾಗಿ ಒಂದೇ ಪ್ರಸಂಗ ಇಬ್ಬರು ಮೂವರು ಭಾಷಣಕಾರರ ‘ಸ್ವಂತ ಅನುಭವ’ವಾಗಿ ಕೇಳಿಬರುವುದುಂಟು. ನ್ಯೂಯಾರ್ಕಿನಲ್ಲಿ 1997ರಲ್ಲಿ ಆರಂಭವಾದ ‘ದಿ ಮಾತ್’ ಎಂಬ ಕಥನ ವೇದಿಕೆ, ಹೇಳುವುದು ನಿಜವಾಗಿ ನಡೆದದ್ದಾಗಿರಬೇಕು, ಕಾಗದ ನೋಡದೆ ಹೇಳಬೇಕು ಎಂಬ ಕಟ್ಟುಪಾಡಿನ ಮೇಲೆಯೇ ನಿಂತಿದೆ. ನಮ್ಮ ಹಾಸ್ಯಸಂಜೆಗೆ ಎರಡನೆಯದು ತೊಂದರೆಯಿಲ್ಲ. ಮೊದಲನೆಯದನ್ನು ಜಾರಿ ಮಾಡಿದರೆ ಎಷ್ಟೋ ಕಾರ್ಯಕ್ರಮಗಳು ಅರ್ಧಕ್ಕೇ ಮುಗಿದಾವು.

ಇನ್ನೊಂದು ಕೊರತೆ ಇದಕ್ಕಿಂತ ಹಳೆಯದು. ವೇದಿಕೆಯ ಗಂಡಸರು ತಮ್ಮನ್ನು ತಾವು ಹಾಸ್ಯ ಮಾಡಿಕೊಳ್ಳುವುದು ಬಹುತೇಕ ಹೆಂಡತಿಯ ಹೆಗಲ ಮೇಲೆ ಗುರಿಯಿಟ್ಟು. ಅವಳ ಸೀರೆ, ಅವಳ ಅಡುಗೆ, ಅವಳ ತವರು. ಇದೇ ಮನೆಯನ್ನು ಹೆಂಡತಿಯ ಕಡೆಯಿಂದ ನೋಡಿ ನಗೆಬರಹ ಮಾಡಿದವರು ಟಿ. ಸುನಂದಮ್ಮ (1917–2006). ಅವರು ‘ಕೊರವಂಜಿ’ಗೆ ಬರೆಯುವ ಹೊತ್ತಿಗೆ ಹೆಂಗಸು ನಗೆಬರಹ ಬರೆಯುವುದೇ ಅಪರೂಪ. ಮಂಗಳೂರಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತ ಭುವನೇಶ್ವರಿ ಹೆಗಡೆ ಲಲಿತ ಪ್ರಬಂಧಗಳಲ್ಲಿ ಆ ದಾರಿಯನ್ನು ಅಗಲ ಮಾಡಿದರು; ಇಂದುಮತಿ ಸಾಲಿಮಠ, ಸುಧಾ ಬರಗೂರು ಮಾತಿನ ವೇದಿಕೆಗೆ ಬಂದು, ಎದುರಿನ ತಂಡದ ಗಂಡನ ಜೋಕುಗಳಿಗೆ ಅದೇ ವೇಗದಲ್ಲಿ ತಿರುಗಿ ಕೊಟ್ಟರು. ಇವರು ಮೈಕು ಹಿಡಿದ ಮೇಲೆ ಹಳೆಯ ಹೆಂಡತಿ ಜೋಕುಗಳಲ್ಲಿ ಎಷ್ಟೋ ಹೇಳುವ ಧೈರ್ಯ ಎದುರಿನ ತಂಡಕ್ಕೆ ಕಡಿಮೆಯಾಯಿತು.